ಯಾರೂ ಊರು ಬಿಡುತ್ತಿಲ್ಲ

ಸರ್ಕಾರದ ವಕ್ತಾರ ಮುಂಜಿರ್ ಮಾಡಿದ ತಪ್ಪು ಇಷ್ಟೇ: ಬೆಳಿಗ್ಗೆ ಕಾರಿನ ಡಿಕ್ಕಿಗೆ ಸೂಟ್‌ಕೇಸು ತುರುಕುವಾಗ ಎದುರಿನ ಕ್ಷೌರದಂಗಡಿಯ ಅಬೂ ಲೈತ್‌ನ ಕಣ್ಣಿಗೆ ಬಿದ್ದ.

"ಎಲ್ಲಿಗೆ ಸವಾರಿ, ಮುಂಜಿರ್?"

"ಎಲ್ಲಿಗೂ ಇಲ್ಲಪ್ಪ. ನಾನ್ಯಾಕೆ ಬಾಗ್ದಾದ್ ಬಿಡ್ಲಿ?"

ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಅಬೂ ಲೈತ್ ಬೀದಿಗೆ ಹಾರಿದ. "ಹೊರಟ ಕಣ್ರೋ! ವಕ್ತಾರ ಹೊರಟೇಬಿಟ್ಟ!"

ಬೀದಿಯವರ ಲೆಕ್ಕ ಸರಳವಾಗಿತ್ತು. ಮುಂಜಿರ್ ಟೀವಿಯಲ್ಲಿ "ಹಿಟ್ಟಿಗೆ ಕೊರತೆಯಿಲ್ಲ" ಅಂದ ದಿನ ಅವರು ಹಿಟ್ಟಿನಂಗಡಿಗೆ ಓಡಿದ್ದರು. "ಬಾಂಬು ಬೀಳುವುದಿಲ್ಲ" ಅಂದ ದಿನ ಕಿಟಕಿಗಾಜಿಗೆಲ್ಲ ಟೇಪು ಅಂಟಿಸಿದ್ದರು. ಒಮ್ಮೆಯೂ ಮೋಸವಾಗಿರಲಿಲ್ಲ. ಇಡೀ ಸರ್ಕಾರದಲ್ಲಿ ಅಷ್ಟು ನಂಬಿಕಸ್ಥ ಇನ್ನೊಬ್ಬನಿರಲಿಲ್ಲ.

ನೋಡನೋಡುತ್ತ ಅವನ ಹಳೆಯ ಕಾರು ದಿಬ್ಬಣದ ಲಾರಿಯಂತಾಯಿತು. ಕ್ಷೌರದಂಗಡಿಯ ಕನ್ನಡಿ ಮೇಲೇರಿತು. ಪಕ್ಕದ ಮನೆಯ ಮುದುಕಿ ಉಮ್ ಸಬಾಹ್ ಕೋಳಿಪಂಜರದ ಸಮೇತ ಮುಂದಿನ ಸೀಟು ಹಿಡಿದಳು.

"ನನ್ನ ಬಿಟ್ಟು ಹೋದ್ರೆ ನಿಂಗೆ ಒಳ್ಳೇದಾಗಲ್ಲ, ಮಗನೇ!"

ಮುಂಜಿರ್‌ಗೆ ಬೆವರಿಳಿಯಿತು. ಶತ್ರುಗಳು ಆಗಲೇ ಊರೊಳಗೆ ಬಂದಿದ್ದರು. ಇವತ್ತು ತಪ್ಪಿಸಿಕೊಳ್ಳದಿದ್ದರೆ ಜೈಲೇ ಗತಿ. ಕಾರಿನಲ್ಲಿದ್ದ ಪೆಟ್ರೋಲು ಸಮಾರಾದ ಅತ್ತೆಮನೆ ಮುಟ್ಟಲು ಹೆಂಡತಿ ನವಾಲ್‌ಗೂ ತನಗೂ ಸಾಕಾಗುವಷ್ಟೇ. ತಟ್ಟನೆ ಒಂದು ಉಪಾಯ ಹೊಳೆಯಿತು. ಬಾನೆಟ್ ಮೇಲೆ ಹತ್ತಿ ಕೂಗಿದ:

"ಹೌದ್ರಪ್ಪಾ, ಹೊರಟಿದ್ದೀನಿ! ನಾನೂ ನವಾಲೂ ಮಧ್ಯಾಹ್ನ ಹೋಗೇ ಹೋಗ್ತೀವಿ!"

ಗುಂಪು ತಣ್ಣಗಾಯಿತು. "ಥೂ, ಎಲ್ಲೂ ಹೋಗಲ್ಲ ಇವನು," ಎನ್ನುತ್ತ ಉಮ್ ಸಬಾಹ್ ಕೋಳಿಗಳೊಂದಿಗೆ ಇಳಿದಳು.

ದಿನದ ಹೇಳಿಕೆ ಕೊಡದೆ ಮಾಯವಾದರೆ ಮೇಲಿನವರಿಗೆ ಅನುಮಾನ ಬರುತ್ತಿತ್ತು. ಪೆಟ್ರೋಲು ಉಳಿಸಲು ಮುಂಜಿರ್ ನಡೆದೇ ಕಚೇರಿಗೆ ಹೋಗಿ ಕ್ಯಾಮೆರಾಗಳ ಮುಂದೆ ನಿಂತ. ಬೆನ್ನ ಹಿಂದೆ, ಸೇತುವೆಯ ಮೇಲೆ, ಶತ್ರುವಿನ ಟ್ಯಾಂಕು ಗುಡುಗುತ್ತಿತ್ತು.

"ಅದೇನು ಸಾರ್?" ಎಂದ ಒಬ್ಬ ವರದಿಗಾರ.

"ರಸ್ತೆ ರಿಪೇರಿ."

ಟ್ಯಾಂಕಿನ ಮೇಲಿದ್ದ ಸೈನಿಕ ಕೈಬೀಸಿದ.

"ನೋಡಿ, ಮೇಸ್ತ್ರಿಗೂ ಎಷ್ಟು ಖುಷಿ!"

"ಜನ ಊರು ಬಿಡ್ತಿದ್ದಾರಂತಲ್ಲ?"

"ಒಬ್ಬರೂ ಬಿಡುತ್ತಿಲ್ಲ!"

ಓಡೋಡುತ್ತ ಮನೆಗೆ ಬಂದರೆ ಅಂಗಳದಲ್ಲಿ ಜನರೇಟರ್ ಗುರುಗುಟ್ಟುತ್ತಿತ್ತು. ಬೀದಿಗೆ ಬೀದಿಯೇ ಅವನ ಟೀವಿಯ ಮುಂದೆ ಕೂತು ಚಹಾ ಹೀರುತ್ತಿತ್ತು. ಈರುಳ್ಳಿ ವ್ಯಾಪಾರ ಮುಗಿಸಿ ಬಂದ ಅಬೂ ಲೈತ್‌ನ ಷಡ್ಡಕನೂ ಪಿಕಪ್ಪನ್ನು ಬಾಗಿಲಲ್ಲಿ ನಿಲ್ಲಿಸಿ ಅಲ್ಲೇ ಕೂತಿದ್ದ. ಸೂಟ್‌ಕೇಸಿನ ಬಟ್ಟೆಯೆಲ್ಲ ಬೀರು ಸೇರಿತ್ತು.

"ಜನರೇಟರಿಗೆ ಪೆಟ್ರೋಲ್ ಎಲ್ಲಿಂದ ಬಂತೇ?"

"ನಮ್ಮ ಕಾರಿಂದ," ಎಂದಳು ನವಾಲ್. "ಹೊರಟಿದ್ದೀನಿ ಅಂತ ಬೀದೀಲಿ ನಿಂತು ಕೂಗಿದ್ರಲ್ಲ, ಮನಸ್ಸು ಬದಲಾಯಿಸಿದ್ರಿ ಅಂದ್ಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿ ನಿಮ್ಮ ಮಾತು ನಂಗೆ ಅರ್ಥ ಆಗಲ್ವೇನ್ರೀ?"

ಅಷ್ಟರಲ್ಲಿ ಟೀವಿಯಲ್ಲಿ ಅವನ ಮುಖವೇ ಬಂತು. "ಒಬ್ಬರೂ ಬಿಡುತ್ತಿಲ್ಲ!"

ಚಹಾದ ಲೋಟಗಳು ಉರುಳಿದವು. ಎಲ್ಲರೂ ಪಿಕಪ್ಪಿಗೆ ನುಗ್ಗಿದರು. ನವಾಲ್ ಎಲ್ಲರಿಗಿಂತ ಮೊದಲು ಹತ್ತಿದ್ದಳು.

ಮುಂಜಿರ್ ಒಂದೇ ಚಪ್ಪಲಿಯಲ್ಲಿ ಹಿಂದೆ ಓಡಿದ. "ತಡೀರೋ! ನಾನೂ ಬರ್ತೀನಿ!"

"ಕೇಳಿದ್ರಾ? ಬರಲ್ವಂತೆ," ಎಂದಳು ಉಮ್ ಸಬಾಹ್, ಕೋಳಿಪಂಜರ ತಬ್ಬಿಕೊಂಡು. "ಬಿಡು ಗಾಡಿ!"

"ಮನೆ ಕಡೆ ಹುಷಾರು ರೀ!" ನವಾಲ್ ಕೈಬೀಸಿದಳು.