ನಿಲ್ಲಿಸಲು ಬಾರದ ಮಾವ

ನಮ್ಮ ಸೋದರಮಾವನಿಗೆ ಯಾವ ಕೆಲಸವನ್ನಾದರೂ ಶುರು ಮಾಡಲು ಬರುತ್ತದೆ. ನಿಲ್ಲಿಸಲು ಮಾತ್ರ ದೇವರಾಣೆಗೂ ಬಾರದು! ಚಿಗಟೇರಿಯ ಮನೆಯಲ್ಲಿ ನೀರಿನ ಮೋಟಾರು ಹಾಕಿ ಸಂತೆಗೆ ಹೊರಟುಬಿಡುವನು. ಟ್ಯಾಂಕು ತುಂಬಿ, ಅಂಗಳ ತುಂಬಿ, ಎದುರುಮನೆಯವರ ಚಪ್ಪಲಿ ತೇಲುವ ಹೊತ್ತಿಗೆ ಬಂದು, "ತುಂಬಿದ ಮ್ಯಾಲೆ ತಾನ ನಿಲ್ಲಬೇಕಪ, ಅದಕ್ಕೂ ನಾನ ಹೇಳಬೇಕೇನು?" ಎಂದು ಮೋಟಾರಿಗೇ ಬೈಯುವನು.

ಆಗಿನ್ನೂ ಕೊಟ್ಟೂರಿಗೆ ಕಂಪ್ಯೂಟರ್ ಹೊಸತು. ಅಲ್ಲಿನ ಒಂದು ಸೆಂಟರಿನಲ್ಲಿ ನಾನು ಟೈಪಿಂಗ್ ಮಾಡಿಕೊಂಡಿದ್ದೆ. ಅತ್ತೆ ಕಟ್ಟಿದ ಬುತ್ತಿಯನ್ನು ಮಾವ ದಿನಾ ಮಧ್ಯಾಹ್ನದ ಬಸ್ಸಿಗೆ ಹಾಕುತ್ತಿದ್ದ. ನಾನು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಿದ್ದೆ.

ಒಂದು ದಿನ ಬುತ್ತಿಯ ಜೊತೆ ಮಾವನೇ ಇಳಿದ. ಓಣಿಗೆ ನಲ್ಲಿ ಕೇಳಲು ಒಂದು ಅರ್ಜಿ ಬೇಕಂತೆ. ಟೈಪು ಮಾಡಿ, ಒಂದು ಪ್ರತಿ ಎನ್ನುವಲ್ಲಿ ಕೈತಪ್ಪಿ ನೂರು ಒತ್ತಿದೆ. ಗಾಬರಿಯಲ್ಲಿ ಪ್ರೋಗ್ರಾಂ ಮುಚ್ಚಿದರೂ ಪ್ರಿಂಟರು ಕರ್ ಕರ್ ಎನ್ನುತ್ತಲೇ ಇತ್ತು!

"ಮುಚ್ಚಿದ್ಯಲ್ಲಲೇ? ಮತ್ತ ಇದು ಯಾರ ಮಾತು ಕೇಳಿ ದುಡಿಯಾಕ ಹತ್ತೈತಿ?"

"ಮುಚ್ಚಿದ್ದು ಬರಿಯೋ ಪ್ರೋಗ್ರಾಂ, ಮಾವಾ. ಹಿಂದ ಪ್ರಿಂಟಿನ ಕೆಲಸ ಬ್ಯಾರೆ ನಡದೈತಿ. ಅದಕ್ಕ ಸಾಕು ಅಂತ ಬ್ಯಾರೇನ ಹೇಳಬೇಕು."

"ಯಜಮಾನ ಎದ್ದು ಹೋದದ್ದು ಆಳಿಗೆ ಗೊತ್ತಾಗೋದಿಲ್ಲೇನಲೇ?"

ಮಾವ ಪ್ರಿಂಟರಿನ ವೈರು ಕಿತ್ತ. ಮತ್ತೆ ಹಾಕಿದರೆ ಮತ್ತೆ ಶುರು! ಇಬ್ಬರೂ ಪಿಳಿಪಿಳಿ ಕಣ್ಣು ಬಿಟ್ಟೆವು. ಕೊನೆಗೆ ಪರದೆಯ ಮೂಲೆಯಲ್ಲಿದ್ದ ಪುಟ್ಟ ಪ್ರಿಂಟರಿನ ಚಿತ್ರ ಹುಡುಕಿ 'ರದ್ದು' ಮಾಡಿದ ಮೇಲೆ ಅದು ತೆಪ್ಪಗಾಯಿತು. ಹೊರಬಿದ್ದ ಅರ್ಜಿಗಳನ್ನೆಲ್ಲ ಮಾವ ಬಗಲಲ್ಲಿ ಇಟ್ಟುಕೊಂಡು ಹೋದ. ಮಾರನೆಯ ದಿನದಿಂದ ಅತ್ತೆಯ ರೊಟ್ಟಿಗಳು ಅವುಗಳಲ್ಲೇ ಸುತ್ತಿಕೊಂಡು ಬಂದವು.

ಆ ವರ್ಷವೇ ಅತ್ತೆ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ದಿನಕರ್ಮ ಮುಗಿಸಿ ಕೆಲಸಕ್ಕೆ ಬಂದ ದಿನ, ಊಟಕ್ಕೆಂದು ಸ್ಟ್ಯಾಂಡಿನ ಹೋಟೆಲಿಗೆ ಹೊರಟಿದ್ದೆ. ಚಿಗಟೇರಿ ಬಸ್ಸಿನ ಕಂಡಕ್ಟರ್ ಕೂಗಿದ, "ಬುತ್ತಿ ಬಿಟ್ಟು ಎಲ್ಲಿಗೆ ಹೊಂಟ್ಯೋ?"

ಬಿಚ್ಚಿದೆ. ಅರ್ಜಿಯಲ್ಲಿ ಸುತ್ತಿದ ಎರಡು ರೊಟ್ಟಿ. ಒಂದು ಸೀದು ಕಪ್ಪಾಗಿದೆ, ಇನ್ನೊಂದು ಹಸಿಹಸಿ. ಯಾರು ಬಡಿದದ್ದಪ್ಪಾ ಇದು? ಒಂದೂ ತಿಳಿಯದೆ, ಸಂಜೆ ಖಾಲಿ ಡಬ್ಬಿ ಹಿಡಿದು ಚಿಗಟೇರಿಗೆ ಹೋದೆ. ಮಾವನ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು.

"ಮಾವಾ, ಸಾಕು ಬಿಡು. ಇನ್ನ ಬುತ್ತಿ ಬ್ಯಾಡ."

ಮಾವ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ತೊಳೆಯಲು ಕುಳಿತ. ತಲೆ ಎತ್ತಲಿಲ್ಲ. "ನಿಲ್ಲಸು ಅಂತ ನಿಮ್ಮತ್ತಿ ಹೇಳಿ ಹೋಗಿಲ್ಲಲ್ಲಲೇ," ಎಂದ.

ರದ್ದು ಮಾಡುವ ಗುಂಡಿ ಎಲ್ಲಿದೆಯೆಂದು ಊರಿಗೆಲ್ಲ ತೋರಿಸಿಕೊಡುವವನು ನಾನು. ಆದರೂ ಬಾಯಿಂದ ಬಂದ ಮಾತೇ ಬೇರೆ.

"ಎರಡು ರೊಟ್ಟಿ ಸಾಲಂಗಿಲ್ಲ ಮಾವಾ. ನಾಳಿ ಮೂರು ಹಾಕು."