ಮೂರನೇ ಬೇಸಿನ ಬೆಳ್ಳಿ ಬ್ಯಾಟು

ಲಂಡನ್ನಿನ ಹ್ಯಾರೋದಲ್ಲಿ ಕನ್ನಡದವರ ಮನೆಗಳು ಬೇಕಾದಷ್ಟಿವೆ. ಯಾರ ಮನೆಗೆ ಹೋದರೂ ಕ್ರಿಕೆಟ್ಟಿನ ಮಾತೇ ಮಾತು. ಬೇಸ್‌ಬಾಲ್ ಆಡುವ ಗಂಡ ಇದ್ದ ಮನೆ ಮಾತ್ರ, ನನಗೆ ತಿಳಿದ ಮಟ್ಟಿಗೆ, ನಮ್ಮದೊಂದೇ. ಹಾಗಾಗಿ ನಗೆಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಏಪ್ರಿಲ್ ಬಂತೆಂದರೆ ಭಾನುವಾರಕ್ಕೊಂದರಂತೆ ಅವೇ ನಮ್ಮ ಕಾರು ಹತ್ತಿಕೊಂಡು ಮನೆಗೆ ಬರುತ್ತಿದ್ದವು.

ನಮ್ಮನೆಯವರು ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ನಾನು ಮೈಸೂರಿನವಳು, ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ತೊಂಬತ್ತರ ದಶಕದ ಮೊದಲಲ್ಲಿ ಬಂದ ಹೊಸತು. ವಾರವೆಲ್ಲ ಡ್ಯೂಟಿ, ಭಾನುವಾರ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುತ್ತಿರಲಿಲ್ಲ. ವಾಪಸ್ ಹೋಗೋಣ ಕಣ್ರೀ ಅಂತ ನಾನು ತಿಂಗಳಿಗೊಮ್ಮೆಯಾದರೂ ಅಳುತ್ತಿದ್ದೆ.

ಮೂರು ಮನೆ ಆಚೆ ಒಬ್ಬ ಅಮೆರಿಕನ್ ಮೇಷ್ಟ್ರಿದ್ದರು. ಒಂದು ದಿನ ಪಕ್ಕದ ಮನೆಯ ಮಕ್ಕಳ ಚೆಂಡು ಬೇಲಿ ಹಾರಿ ಬಂತು. ನಮ್ಮನೆಯವರು ಒಂದು ಕೈಯಲ್ಲಿ ಪೇಪರ್ ಹಿಡಿದು ಓದುತ್ತಲೇ ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು ವಾಪಸ್ ಎಸೆದರು. ರಸ್ತೆಯಲ್ಲಿ ಹೋಗುತ್ತಿದ್ದ ಮೇಷ್ಟ್ರು ಅದನ್ನು ನೋಡಿ ಬಾಗಿಲು ತಟ್ಟಿದರು. ಅವರದೊಂದು ಬೇಸ್‌ಬಾಲ್ ತಂಡವಂತೆ, ಅವರೇ ಕ್ಯಾಪ್ಟನ್ ಅಂತೆ, ಮೂರನೇ ಬೇಸು ಅನ್ನುವ ನಿಲುಗಡೆಯ ಹತ್ತಿರ ನಿಲ್ಲಲು ಜನ ಇಲ್ಲವಂತೆ. ಆ ಜಾಗಕ್ಕೆ ಚೆಂಡು ಗುಂಡಿನ ಹಾಗೆ ಬರುತ್ತದೆ, ಹೆದರದ ಕೈ ಬೇಕು ಅಂದರು. ವಾರವೆಲ್ಲ ಜನರನ್ನು ಮಲಗಿಸುವ ನಮ್ಮನೆಯವರು ಭಾನುವಾರ ಎದ್ದು ಓಡಾಡಲಿ ಅಂತ ನಾನೂ ತಳ್ಳಿದೆ.

ಅಲ್ಲೊಂದು ಪದ್ಧತಿ ಇತ್ತು. ಮೈದಾನದಲ್ಲಿ ನಿಲ್ಲುವ ಒಂಬತ್ತು ಜಾಗಗಳಿಗೂ ವರ್ಷಕ್ಕೊಂದೊಂದು ಬೆಳ್ಳಿ ಬ್ಯಾಟು. ಎಲ್ಲ ತಂಡಗಳ ಮೂರನೇ ಬೇಸಿನವರಲ್ಲಿ ಯಾರು ಚೆನ್ನಾಗಿ ಹೊಡೆದರೋ ಅವರಿಗೆ ಒಂದು. ಬೆಳ್ಳಿ ಅಂದರೆ ಬೆಳ್ಳಿಯೇನಲ್ಲ, ಮರಕ್ಕೆ ಬಣ್ಣ ಬಳಿದದ್ದು. ಆದರೆ ಮೊದಲ ವರ್ಷ ಅದನ್ನು ನೋಡಿ ಬಂದ ನಮ್ಮನೆಯವರು ಷೋಕೇಸಿನಲ್ಲಿ ಜಾಗ ಖಾಲಿ ಮಾಡಿದರು. ಆ ಜಾಗ ಹತ್ತು ವರ್ಷ ಖಾಲಿಯೇ ಇತ್ತು.

ವಾಪಸ್ ಓಡಿದ್ದು

ಬೇಸ್‌ಬಾಲಿನಲ್ಲಿ ಚೆಂಡು ಹೊಡೆದವರು ಬ್ಯಾಟು ಬಿಸಾಕಿ ಮೊದಲನೇ ಬೇಸಿಗೆ ಓಡಬೇಕು. ಆಮೇಲೆ ಎರಡು, ಮೂರು, ಹೀಗೆ ಸುತ್ತಿ ಬಂದು ಹೊರಟ ಜಾಗ ಮುಟ್ಟಿದರೆ ಒಂದು ರನ್ನು. ಮೇಷ್ಟ್ರು ಇದನ್ನೆಲ್ಲ ಚಿತ್ರ ಬರೆದು ತೋರಿಸಿದ್ದರು, ನಮ್ಮನೆಯವರು ತಲೆಯಾಡಿಸಿದ್ದರು. ವಿಷಯ ತಲೆಗೇನೋ ಹೋಗಿತ್ತು, ಕಾಲಿಗೆ ಹೋಗಿರಲಿಲ್ಲ.

ಮೊದಲ ಪಂದ್ಯದಲ್ಲಿ ಎರಡನೇ ಚೆಂಡಿಗೇ ಬಾರಿಸಿದರು ನೋಡಿ, ಅದು ದೂರ ಹೋಯಿತು. ಇವರು ಬ್ಯಾಟು ಹಿಡಿದುಕೊಂಡೇ ಓಡಿದರು. ಬೇಸು ಹತ್ತಿರ ಬಂದಾಗ ಕ್ರಿಕೆಟ್ಟಿನ ಗೆರೆ ಮುಟ್ಟುವ ಹಾಗೆ ಬ್ಯಾಟು ಚಾಚಿ ನೆಲಕ್ಕೆ ಉಜ್ಜಿದರು. ಅಲ್ಲಿ ನಿಂತಿದ್ದ ಎದುರು ತಂಡದ ಆಳು ಕಾಲು ಉಳಿಸಿಕೊಳ್ಳಲು ಪಕ್ಕಕ್ಕೆ ಹಾರಿದ. ಇವರು ಗಕ್ಕನೆ ತಿರುಗಿ, ಎರಡನೇ ರನ್ನಿಗೆ ಅಂತ, ಹೊರಟ ಜಾಗಕ್ಕೇ ವಾಪಸ್ ಓಡಲು ಶುರುಮಾಡಿದರು.

ನಮ್ಮ ತಂಡದವರೆಲ್ಲ ಬೇಡ ಬೇಡ ಅಂತ ಕೂಗಿದರು. ಹುರಿದುಂಬಿಸುತ್ತಿದ್ದಾರೆ ಅಂದುಕೊಂಡು ಇವರು ಇನ್ನೂ ಜೋರಾಗಿ ಓಡಿದರು. ಎದುರು ತಂಡದವನ ಕೈಯಲ್ಲಿ ಚೆಂಡಿತ್ತು, ಆದರೆ ಅವನು ಎಸೆಯುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಇವರು ಹೊರಟ ಜಾಗಕ್ಕೆ ಬಂದು ತಲುಪಿ, ಬ್ಯಾಟು ಎತ್ತಿ ನನ್ನ ಕಡೆ ತೋರಿಸಿದರು. ನಾನು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆ, ನನಗಾದರೂ ಏನು ಗೊತ್ತು. ಅಂಪೈರ್ ಔಟ್ ಕೊಟ್ಟರು. ಯಾವ ನಿಯಮದ ಪ್ರಕಾರ ಅಂತ ಕೇಳಿದರೆ ಅವರೂ ಪುಸ್ತಕ ತೆಗೆದು ಹುಡುಕತೊಡಗಿದರು.

ಮೇಷ್ಟ್ರು ಬಹಳ ಮರ್ಯಾದಸ್ಥರು. ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಇಲ್ಲೇನಾದರೂ ಮರೆತು ಹೋಗಿದ್ದಿರಾ, ಡಾಕ್ಟರೇ?"

ಪೆನ್ಸಿಲ್ ನನ್ನ ಕೈಗೆ ಬಂದದ್ದು

ಮರುವರ್ಷ ಒಂದು ಭಾನುವಾರ ಸ್ಕೋರು ಬರೆಯುವವರು ರಜೆಗೆ ಹೋಗಿದ್ದರು. ನಾನು ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ಕೂತಿದ್ದೆ. ಮೇಷ್ಟ್ರು ಡಬ್ಬಿ ತೆಗೆದುಕೊಂಡು ಪೆನ್ಸಿಲ್ ಕೊಟ್ಟರು. ಆ ಡಬ್ಬಿಯೂ ಆ ಕೆಲಸವೂ ಆಮೇಲೆ ವಾಪಸ್ ಹೋಗಲೇ ಇಲ್ಲ.

ಬರೆಯುವುದು ಸುಲಭ, ತೀರ್ಮಾನಿಸುವುದು ಕಷ್ಟ. ಹೊಡೆದವರು ಬೇಸು ತಲುಪಿದರೆ ಸಾಲದು. ತಮ್ಮ ಹೊಡೆತದಿಂದಲೇ ತಲುಪಿದರೆ ಅದು ಹಿಟ್, ಬೆಳ್ಳಿ ಬ್ಯಾಟಿನ ಲೆಕ್ಕಕ್ಕೆ ಬಂತು. ಎದುರಿನವರು ಸುಲಭದ ಚೆಂಡನ್ನು ಕೈಬಿಟ್ಟದ್ದರಿಂದ ತಲುಪಿದರೆ ಅದು ಎರರ್, ಹೊಡೆದವರಿಗೆ ಏನೂ ಇಲ್ಲ. ಸಾಮಾನ್ಯವಾಗಿ ಹಿಡಿಯಬಹುದಾಗಿತ್ತೋ ಇಲ್ಲವೋ ಅನ್ನುವುದನ್ನು ಸ್ಕೋರು ಬರೆಯುವವರೇ ಹೇಳಬೇಕು. ಅದೇ ಕೊನೆಯ ಮಾತು.

ಮೂರನೇ ವಾರವೇ ನಮ್ಮನೆಯವರು ಹೊಡೆದ ಚೆಂಡು ಒಬ್ಬರ ಕೈಯಿಂದ ಜಾರಿತು. ನಾನು ಎರರ್ ಬರೆದೆ. ಇವರು ಬಂದು ಪುಸ್ತಕ ಬಗ್ಗಿ ನೋಡಿದರು, ನನ್ನನ್ನು ನೋಡಿದರು, ಹೋದರು. ನಾನು ಲ್ಯಾಬಿನವಳು. ರೋಗಿ ಯಾರು ಅಂತ ನೋಡಿಕೊಂಡು ಸಕ್ಕರೆ ಎಷ್ಟಿದೆ ಅಂತ ಬರೆಯುವ ಅಭ್ಯಾಸ ನನಗಿಲ್ಲ.

ಆ ಸಂಜೆ ಇವರು ಮುನಿಸಿಕೊಂಡು, ಪಾತ್ರೆ ಧಡಬಡ ಅನ್ನಿಸಿ ತಮ್ಮ ಚಹಾ ತಾವೇ ಮಾಡಿಕೊಂಡರು. ಅಭ್ಯಾಸಬಲದಿಂದ ಎರಡು ಕಪ್ ಮಾಡಿದ್ದರು. ಊರು ಬಿಟ್ಟು ಬಂದಮೇಲೆ ಅಷ್ಟು ಚೆನ್ನಾದ ಚಹಾ ನಾನು ಕುಡಿದಿರಲಿಲ್ಲ. ಮುಂದಿನ ವಾರ ಇನ್ನೊಂದು ಎರರ್ ಬರೆಯಬೇಕಾಗಿ ಬಂದಾಗ ನನಗೆ ಒಂಚೂರೂ ಸಂಕಟವಾಗಲಿಲ್ಲ.

ಅತ್ತೆಯವರ ಕುಂಕುಮ

ಧಾರವಾಡದಿಂದ ನಮ್ಮತ್ತೆ ಮೂರು ತಿಂಗಳಿಗೆ ಬಂದರು. ಬೆಳ್ಳಿ ಬ್ಯಾಟಿನ ವಿಷಯವನ್ನು ಮಗ ಅವರಿಗೆ ಅರ್ಧ ಗಂಟೆ ವಿವರಿಸಿದ. ಅವರು ಪೂರ್ತಿ ಕೇಳಿ, "ಅಲ್ಲೋ, ನಿಲ್ಲೂದು ಮೂರನೇ ಮೂಲ್ಯಾಗ, ಬಹುಮಾನ ಬಾರಿಸಿದ್ದಕ್ಕ. ಅಡಗಿಯವರೊಳಗ ಛೊಲೋ ಹಾಡೋರು ಯಾರು ಅಂತ ನೋಡಿ ಬಹುಮಾನ ಕೊಟ್ಟಂಗಾತಲ್ಲ ಇದು" ಅಂದರು.  

ಆದರೂ ಮಗನ ಆಸೆ ಅಲ್ಲವೇ. ಭಾನುವಾರ ಬೆಳಿಗ್ಗೆ ಬ್ಯಾಟನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿ ಕಳಿಸಿದರು. ಬ್ಯಾಟಿಗೆ ಅಂಟುವಂಥದ್ದೇನಾದರೂ ಬಳಿದಿದ್ದರೆ ಆಟದಲ್ಲಿ ಅದು ತಪ್ಪು. ಅಂಪೈರ್ ಬ್ಯಾಟು ಇಸಿದುಕೊಂಡು ಉಜ್ಜಿದರು, ಮೂಸಿದರು, ಬೆರಳು ಕೆಂಪಾಯಿತು. ಇದೇನು ಅಂತ ಕೇಳಿದರು. ನಮ್ಮಮ್ಮ ಹಚ್ಚಿದ್ದು ಅಂತ ಇವರು ಕೈ ತೋರಿಸಿದರು. ಅಲ್ಲಿ ಮಡಚುವ ಕುರ್ಚಿಯಲ್ಲಿ ಇಳಕಲ್ ಸೀರೆಯ ಸೆರಗು ಹೊದ್ದು ನಮ್ಮತ್ತೆ ಅಂಪೈರನ್ನೇ ದಿಟ್ಟಿಸಿ ನೋಡುತ್ತಾ ಕೂತಿದ್ದರು. ಅಂಪೈರ್ ಬೆರಳು ಒರೆಸಿಕೊಂಡು ಬ್ಯಾಟು ವಾಪಸ್ ಕೊಟ್ಟರು.

ಅವತ್ತು ಇವರು ಮೂರು ಹಿಟ್ ಹೊಡೆದರು. ಮುಂದಿನ ಭಾನುವಾರ ನೋಡಿದರೆ ನಮ್ಮತ್ತೆಯ ಕುರ್ಚಿಯ ಮುಂದೆ ಬ್ಯಾಟು ಹಿಡಿದವರ ಸಾಲು. ಕೊನೆಯಲ್ಲಿ ಎದುರು ತಂಡದವರೊಬ್ಬರು ಸಂಕೋಚದಿಂದ ನಿಂತಿದ್ದರು. ಫೆಲ್ಥಮ್‌ ಅನ್ನುವ ಊರಿನವರು, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಹೇರುವ ಕೆಲಸ, ಅವರ ತಂಡದ ಮೂರನೇ ಬೇಸಿನ ಆಟಗಾರ. ಪಾಪ, ಸೊರಗ್ಯಾನ ಹುಡುಗ ಅಂತ ನಮ್ಮತ್ತೆ ಅವರ ಬ್ಯಾಟಿಗೆ ಎರಡು ಬೊಟ್ಟು ಹೆಚ್ಚೇ ಇಟ್ಟರು. ಆ ವರ್ಷದ ಬೆಳ್ಳಿ ಬ್ಯಾಟು ಅವರಿಗೇ ಹೋಯಿತು.

ಎಂಟು ಕೇಕು

ಇದು ನಗೆಯ ಪ್ರಸಂಗವೋ ಅಲ್ಲವೋ ನನಗೆ ಗೊತ್ತಿಲ್ಲ, ಆದರೆ ಬಿಡಲು ಮನಸ್ಸಿಲ್ಲ. ಮೈಸೂರಿನಲ್ಲಿ ಅಪ್ಪ ತೀರಿಹೋದರು ಅಂತ ಫೋನು ಬಂದಾಗ ನಾನು ಏಳು ತಿಂಗಳ ಬಸುರಿ. ವಿಮಾನ ಹತ್ತುವ ಹಾಗಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದೆ.

ಮರುದಿನ ಸಂಜೆ ಇಡೀ ತಂಡ ಮನೆಗೆ ಬಂತು. ಸತ್ತ ಮನೆಗೆ ಬಂದು ಏನು ಹೇಳಬೇಕೋ ಅವರಿಗೆ ತಿಳಿಯದು. ಒಬ್ಬೊಬ್ಬರೂ ಬಾಗಿಲಲ್ಲಿ ಬೂಟು ಬಿಚ್ಚಿ, ನನ್ನ ಕೈಯಲ್ಲಿ ಒಂದೊಂದು ಕೇಕು ಇಟ್ಟು, ಸಾಲಾಗಿ ಸೋಫಾದ ಮೇಲೆ ಕೂತರು. ಎಂಟೂ ಒಂದೇ ಅಂಗಡಿಯ ನಿಂಬೆಹಣ್ಣಿನ ಕೇಕು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಸೂತಕದ ಮನೆಯಲ್ಲಿ ಸಿಹಿ ತಿನ್ನುವುದಿಲ್ಲ ಅಂತ ಆ ಪುಣ್ಯಾತ್ಮರಿಗೆ ಹೇಳುವುದಾದರೂ ಹೇಗೆ? ಒಂದು ಗಂಟೆ ಸುಮ್ಮನೆ ಕೂತು ಹೋದರು. ಆ ಸುಮ್ಮನೆ ಕೂತದ್ದಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ವಾಪಸ್ ಹೋಗೋಣ ಅನ್ನುವ ಮಾತು ಅವತ್ತಿನಿಂದ ನನ್ನ ಬಾಯಲ್ಲಿ ಬರಲಿಲ್ಲ.

ಅವರು ಹೋದಮೇಲೆ ಮೇಜಿನ ಮೇಲಿನ ಕೇಕು ಎಣಿಸಿದೆ. ತಂಡದಲ್ಲಿ ಒಂಬತ್ತು ಜನ, ಕೇಕು ಎಂಟು. ಒಂಬತ್ತನೆಯವರು, ನಮ್ಮನೆಯವರೇ, ಮೇಜಿನ ಆಚೆ ನಿಂತು, ಸೂತಕ ನಿನಗ, ನನಗಲ್ಲ ಅಂತ ಒಂದನ್ನು ಕತ್ತರಿಸುತ್ತಿದ್ದರು. ಅಪ್ಪ ಹೋದಮೇಲೆ ನಾನು ಮೊದಲ ಸಲ ನಕ್ಕಿದ್ದು ಆಗ.

ಹತ್ತಕ್ಕೆ ಎಷ್ಟು?

ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮನೆಯವರ ಮೊಣಕಾಲು ಕೈಕೊಟ್ಟಿತ್ತು. ಇನ್ನು ಆಡಿದರೆ ನೀವೇ ನನ್ನ ಆಪರೇಷನ್ ಟೇಬಲ್ಲಿನ ಮೇಲೆ ಮಲಗಬೇಕಾಗುತ್ತದೆ ಅಂತ ಅವರ ಆಸ್ಪತ್ರೆಯ ಮೂಳೆ ಡಾಕ್ಟರು ಹೇಳಿದ್ದರು. ಇದೇ ಕೊನೆಯ ವರ್ಷ ಅಂತ ತೀರ್ಮಾನವಾಯಿತು. ಕೊನೆಯ ವರ್ಷವೇ ಇವರು ಹಿಂದೆಂದೂ ಇಲ್ಲದ ಹಾಗೆ ಹೊಡೆದರು. ಬೆಳ್ಳಿ ಬ್ಯಾಟಿಗೆ ಉಳಿದವರು ಇಬ್ಬರೇ, ಇವರು ಮತ್ತು ಫೆಲ್ಥಮ್‌ನವರು. ಕೊನೆಯ ಪಂದ್ಯ ಆ ಎರಡು ತಂಡಗಳಿಗೇ ಬಿತ್ತು.

ಇವರ ಕೊನೆಯ ಸರದಿ. ಹಿಟ್ ಆದರೆ ಕೂದಲೆಳೆಯಷ್ಟು ಇವರು ಮುಂದೆ, ಆಗದಿದ್ದರೆ ಅವರು. ಇವರು ಬಾರಿಸಿದರು. ಚೆಂಡು ನೆಲ ಸವರಿಕೊಂಡು ನೆಟ್ಟಗೆ ಹೋದದ್ದು ಎಲ್ಲಿಗೆ? ಮೂರನೇ ಬೇಸಿಗೆ, ಫೆಲ್ಥಮ್‌ನವರ ಹತ್ತಿರಕ್ಕೇ. ಅವರು ಬಗ್ಗಿದರು, ಗ್ಲವ್ ನೆಲಕ್ಕಿಟ್ಟರು, ಆದರೂ ಚೆಂಡು ಕಾಲುಗಳ ನಡುವೆ ತೂರಿ ಹೋಯಿತು. ಇವರು ಕುಂಟುತ್ತಾ ಬೇಸು ತಲುಪಿದರು.

ಇಡೀ ಮೈದಾನ ನನ್ನ ಕುರ್ಚಿಯ ಕಡೆ ತಿರುಗಿತು. ಬೇಸಿನ ಮೇಲೆ ನಿಂತು ಇವರೂ ನನ್ನನ್ನೇ ನೋಡುತ್ತಿದ್ದರು. ಮದುವೆಯ ದಿನ ಕೂಡ ಅಷ್ಟು ಆಸೆಯಿಂದ ನೋಡಿರಲಿಲ್ಲ. ನನಗೂ ಆಸೆಯಿತ್ತು. ಷೋಕೇಸಿನ ಆ ಖಾಲಿ ಜಾಗದ ಧೂಳು ಹತ್ತು ವರ್ಷ ಒರೆಸಿದವಳು ನಾನು. ಆದರೆ ಕಣ್ಣಾರೆ ಕಂಡದ್ದನ್ನು ಹೇಗೆ ಬೇರೆ ಬರೆಯಲಿ?  ಎರರ್ ಅಂತ ಬರೆದೆ.

ಹೀಗೆ ಒಬ್ಬರು ಚೆಂಡು ಬಿಟ್ಟದ್ದಕ್ಕೆ ಅವರಿಗೇ ಬ್ಯಾಟಿಂಗ್ ಬಹುಮಾನ ಬಂತು.

ಮುಂದಿನ ವಾರ ಒಂದು ಪಬ್ಬಿನ ಮಹಡಿಯಲ್ಲಿ ಬಹುಮಾನ ವಿತರಣೆ. ಫೆಲ್ಥಮ್‌ನವರು ಬೆಳ್ಳಿ ಬ್ಯಾಟು ತೆಗೆದುಕೊಂಡವರು ತಮ್ಮ ಕುರ್ಚಿಗೆ ಹೋಗಲಿಲ್ಲ. ನಮ್ಮನೆಯವರನ್ನು ಜೊತೆಗೆ ಕರೆದುಕೊಂಡು ನೇರ ನನ್ನ ಮೇಜಿಗೆ ಬಂದು, ಬ್ಯಾಟನ್ನೂ ಒಂದು ಕಾಗದವನ್ನೂ ನನ್ನ ಮುಂದಿಟ್ಟರು. ಇಬ್ಬರೂ ಸಹಿ ಹಾಕಿದ ಮನವಿ. ಅದನ್ನು ಹಿಟ್ ಅಂತ ತಿದ್ದಬೇಕಂತೆ, ಡಾಕ್ಟರ ಹೊಡೆತ ಅಷ್ಟು ಜೋರಾಗಿತ್ತಂತೆ, ಬ್ಯಾಟು ಅವರಿಗೇ ಸೇರಬೇಕಂತೆ. ಗೆದ್ದವರೇ ತಮ್ಮ ಗೆಲುವಿನ ಮೇಲೆ ಅಪೀಲು ಹಾಕಿದ್ದನ್ನು ನಾನು ಅಲ್ಲಿಯವರೆಗೂ ಕೇಳಿರಲಿಲ್ಲ. ಇಂಥ ದೊಡ್ಡ ಮನಸ್ಸಿನವರ ನಡುವೆ ಹತ್ತು ವರ್ಷ ಬದುಕಿದೆನಲ್ಲ ಅಂತ ಕಣ್ಣು ತುಂಬಿತು. ನನ್ನ ಮನಸ್ಸೂ ಕರಗಿತು. ನಾನು ನೋಡಿದ್ದೇ ತಪ್ಪಿರಬಹುದು, ಹೊಡೆತ ನಿಜವಾಗಿಯೂ ಜೋರಿದ್ದಿರಬಹುದು ಅನ್ನಿಸಿತು. ಪೆನ್ಸಿಲ್ ತೆಗೆದೆ. ನಿಯಮದ ಪ್ರಕಾರ ಒಂದು ಪ್ರಶ್ನೆ ಮಾತ್ರ ಕೇಳಬೇಕಿತ್ತು.

"ಸತ್ಯ ಹೇಳಿ. ಅಂಥ ಚೆಂಡು ಹತ್ತು ಸಲ ಬಂದರೆ ನೀವು ಎಷ್ಟು ಹಿಡಿಯುತ್ತೀರಿ?"

ಅವರು ಎರಡೋ ಮೂರೋ ಅಂದಿದ್ದರೆ ಸಾಕಿತ್ತು. ನಮ್ಮನೆಯವರು ಪಕ್ಕದಿಂದ ಎರಡು ಬೆರಳು ತೋರಿಸುತ್ತಲೂ ಇದ್ದರು. ಆದರೆ ಇಪ್ಪತ್ತು ವರ್ಷ ಮೂರನೇ ಬೇಸು ಕಾದ ಮನುಷ್ಯ. ಸುತ್ತಲೂ ಎಲ್ಲ ತಂಡದವರೂ ಕೇಳಿಸಿಕೊಳ್ಳುತ್ತಿದ್ದಾರೆ. ಅವರ ಎದೆ ತಾನಾಗಿಯೇ ಮುಂದೆ ಬಂತು.

"ಹತ್ತಕ್ಕೆ ಹತ್ತೂ" ಅಂದರು.

ಮಹಡಿ ಬಿದ್ದುಹೋಗುವ ಹಾಗೆ ಜನ ನಕ್ಕರು. ನಮ್ಮನೆಯವರು ಹಣೆ ಚಚ್ಚಿಕೊಂಡರು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ. ನಾನು ಪೆನ್ಸಿಲ್ ಚೀಲಕ್ಕೆ ಹಾಕಿಕೊಂಡೆ.

ಕಾರಿನಲ್ಲಿ ಮನೆಗೆ ಹೊರಟೆವು. ಮನೆ ಹತ್ತಿರದ ಪಿನ್ನರ್ ದಾಟಿದ ಮೇಲೆ ಇವರು ರಸ್ತೆ ನೋಡುತ್ತಲೇ ಅಂದರು, "ಒಂದ ಮಾತು ಹೇಳತೀನಿ. ನೀ ಅದನ್ನ ತಿದ್ದಿದ್ರ, ಹತ್ತು ವರ್ಷದಾಗ ನೀ ಬರದ ನನ್ನ ಎಲ್ಲಾ ಹಿಟ್ ಮ್ಯಾಲೂ ನನಗ ಸಂಶಯ ಬರ್ತಿತ್ತು. ಈಗ ಅವೆಲ್ಲಾ ಖರೇನ ನಾ ಹೊಡದದ್ದು."

 ಗೇರಿನ ಮೇಲಿದ್ದ ಅವರ ಕೈಮೇಲೆ ಕೈಯಿಟ್ಟೆ. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಇವರು ನನ್ನ ಕಡೆ ತಿರುಗಿ, ಬಹಳ ಪ್ರೀತಿಯಿಂದ ಹೇಳಿದರು.

"ಆದ್ರ ಅದು ಹಿಟ್ ಇತ್ತು ನೋಡು."