ಮುದ್ರೆ ಬೀಳದ ಕಾಗದಗಳು

ಇಷ್ಟಕ್ಕೆಲ್ಲ ಕಾರಣ ಒಂದು ಸಡಿಲ ಗಂಟು. ಕಾದಂಬರಿಕಾರ್ತಿಯ ಖಾಸಗಿ ಪತ್ರಗಳನ್ನು ಒಯ್ಯಲು ಸಂಜೆ ಗ್ರಂಥಾಲಯದವರು ಬರುವವರಿದ್ದರು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಊರಿಗೆಲ್ಲ ತೋರಿಸುತ್ತಾರಂತೆ. ಕರಡು ತಿದ್ದಲು ಮುದ್ರಣಾಲಯಕ್ಕೆ ಹೊರಟ ಆಕೆ, ಮೇಜಿನ ಮೇಲಿನ ಕಟ್ಟನ್ನು ತೋರಿಸಿ, "ಇದನ್ನ ಮಾತ್ರ ಮುಟ್ಟಬೇಡಿ ರೀ" ಎಂದಳು. ಹಾಗೆ ಹೇಳದಿದ್ದರೆ, ಗಡಿಯಾರ ರಿಪೇರಿ ಮಾಡುವ ಆಕೆಯ ಗಂಡ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಧೂಳು ಒರೆಸುವ ನೆಪದಲ್ಲಿ ಕಟ್ಟನ್ನು ಎತ್ತಿದ. ಗಂಟು ಬಿಚ್ಚಿತು. ಮೇಲಿನ ಕಾಗದ ತಾನಾಗಿಯೇ ತೆರೆದುಕೊಂಡಿತು. ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡ. ಅಕ್ಷರ ಹೆಂಡತಿಯದೇ.

'ಪ್ರಿಯ, ನಿನ್ನೆ ರೈಲು ನಿಲ್ದಾಣದಲ್ಲಿ ಮಳೆಗೆ ತೊಯ್ಯುತ್ತ ನನ್ನ ಕೈ ಹಿಡಿದು ನಿಂತೆಯಲ್ಲ! ನಿನ್ನ ಆ ಅಗಲ ಭುಜಗಳು...'

ರೈಲು ನಿಲ್ದಾಣದಲ್ಲಿ ಅವನು ಈವರೆಗೆ ಹಿಡಿದದ್ದು ಸೂಟ್‌ಕೇಸು ಮಾತ್ರ. ಅವನ ಎದೆ ಕೆಟ್ಟ ಅಲಾರಂ ಗಡಿಯಾರದಂತೆ ಹೊತ್ತುಗೊತ್ತಿಲ್ಲದೆ ಬಡಿದುಕೊಳ್ಳತೊಡಗಿತು.

ದಿನಪತ್ರಿಕೆ ಕೇಳಲು ಬಂದ ಎದುರುಮನೆಯ ನಿವೃತ್ತ ಅಂಚೆಯಣ್ಣನಿಗೆ ಲಕೋಟೆ ಕಂಡರೆ ಕೈ ಸುಮ್ಮನಿರದು. ಒಂದೊಂದನ್ನೇ ಬೆಳಕಿಗೆ ಹಿಡಿದ.

"ಸ್ಟಾಂಪಿಲ್ಲ, ಮುದ್ರೆಯಿಲ್ಲ. ಇವು ಅಂಚೇಲಿ ಹೋದದ್ದಲ್ಲ, ಗಡಿಯಾರದವ್ರೇ. ಕೈಯಿಂದ ಕೈಗೆ ಹೋಗಿವೆ."

"ಅಂದ್ರೆ?"

"ಆಸಾಮಿ ಹತ್ರದಲ್ಲೇ ಇದಾನೆ ಅಂತ."

ಇಂಥ ಮಾತು ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು? ಮಹಡಿಮನೆಯ ದರ್ಜಿಯಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಇಳಿದು ಬಂದಳು. 'ಅಗಲ ಭುಜ' ಎಂಬಲ್ಲಿ ಅವಳ ಬೆರಳು ನಿಂತಿತು.

"ನಿಮ್ಮ ಶರ್ಟೆಲ್ಲ ಹೊಲಿಯೋಳು ನಾನೇ ಅಲ್ವಾ ಅಣ್ಣಾ? ಬೇಜಾರು ಮಾಡ್ಕೋಬೇಡಿ, ಇದು ನೀವಲ್ಲ." ಅನುಮಾನ ಉಳಿಯಬಾರದೆಂದು ಅವನ ಬೆನ್ನಿಗೆ ಪಟ್ಟಿ ಹಿಡಿದೂ ನೋಡಿದಳು. "ಊಹೂಂ."

ಇಬ್ಬರೂ ಸೇರಿ ಬೀದಿಯ ಅಗಲ ಭುಜದವರನ್ನೆಲ್ಲ ನೆನಪಿಗೆ ತಂದುಕೊಂಡರು. ಬ್ರೆಡ್ ಅಂಗಡಿಯವನು? ವ್ಯಾಯಾಮದ ಮೇಷ್ಟ್ರು?

"ನಲ್ಲಿ ರಿಪೇರಿಯವನು ನಿಮ್ಮನೆಗೆ ಎಷ್ಟು ಸಲ ಬಂದ ಹೇಳಿ," ಎಂದಳು ದರ್ಜಿಯಮ್ಮ. "ನಲ್ಲಿ ಇನ್ನೂ ಸೋರ್ತಾನೇ ಇದೆ!"

ಮೂವರೂ ಮಾತು ನಿಲ್ಲಿಸಿ ಕಿವಿಗೊಟ್ಟರು. ಅಡುಗೆಮನೆಯಲ್ಲಿ ನಲ್ಲಿ ತೊಟಕ್, ತೊಟಕ್ ಎಂದು ಸಾಕ್ಷಿ ಹೇಳುತ್ತಿತ್ತು.

ಆಗಲೇ ಹೆಂಡತಿ ಬಂದಳು.

"ಯಾರೇ ಅವನು?" ಗಂಡ ಕಾಗದವನ್ನು ಅವಳ ಮುಂದೆ ಹಿಡಿದ.

ಬಿಚ್ಚಿದ ಕಟ್ಟು ಕಂಡು ಆಕೆ ಹಣೆ ಹಣೆ ಚಚ್ಚಿಕೊಂಡಳು. "ಯಾರೂ ಇಲ್ಲ ರೀ! ಹೋದ ವಾರ ನಾನೇ ಕೂತು ಹುಟ್ಟಿಸಿ ಬರೆದದ್ದು. ನನ್ನ ನಿಜವಾದ ಕಾಗದ ಎಲ್ಲ ಅಕ್ಕನಿಗೆ ಬರೆದವು, ಬರೀ ಮನೆ ಸುದ್ದಿ. ಇಷ್ಟೊಂದು ಪ್ರೇಮಕಥೆ ಬರೆದೋಳ ಬದುಕಲ್ಲಿ ಏನೂ ನಡೆದೇ ಇಲ್ಲ ಅಂತ ಊರಿಗೆ ಗೊತ್ತಾಗ್ಲಾ?"

"ನಂಬ್ತೀವಮ್ಮ, ನಂಬ್ತೀವಿ," ಎಂದ ಅಂಚೆಯಣ್ಣ, ಒಂದಿಷ್ಟೂ ನಂಬದ ದನಿಯಲ್ಲಿ.

ಗಂಡನಿಗೆ ಹೋದ ಜೀವ ಬಂದಂತಾಯಿತು. ಆದರೆ ಈ ಇಬ್ಬರು ಹೀಗೇ ಹೊರಗೆ ಹೋದರೆ ನಾಳೆ ಬೀದಿಯಲ್ಲಿ ತಲೆ ಎತ್ತುವುದು ಹೇಗೆ?

"ಆ ನಿಜವಾದವು ಎಲ್ಲಿ?"

"ಅಕ್ಕ ವಾಪಸ್ ಕಳಿಸಿದಾಳೆ. ಬಿಸ್ಕತ್ತಿನ ಡಬ್ಬೀಲಿವೆ. ಆದ್ರೆ ಅವು ಬೇಡ ರೀ."

"ಯಾಕೆ ಬೇಡ? ಅವೇ ಹೋಗಲಿ! ನಮ್ಮ ಸಂಸಾರ ಎಂಥದ್ದು ಅಂತ ಊರು ನೋಡಲಿ!"

"ಒಂದ್ಸಲ ಓದಿಯಾದ್ರೂ ನೋಡಿ..."

"ಓದೋದೇನು ಬಂತು? ನನಗೆ ನಿನ್ನ ಮೇಲೆ ನಂಬಿಕೆ ಇದೆ!"

ಅಷ್ಟರಲ್ಲಿ ಗ್ರಂಥಪಾಲಕಿ ಬಂದೇಬಿಟ್ಟಳು. ಗಂಡ ತಾನೇ ಡಬ್ಬಿಯನ್ನು ಅವಳ ಕೈಗಿತ್ತ. ಅಂಚೆಯಣ್ಣ ಲಕೋಟೆಗಳನ್ನು ತಿರುಗಿಸಿ ನೋಡಿ, "ಅಸಲಿ! ನಮ್ಮ ಆಫೀಸಿನದೇ ಮುದ್ರೆ!" ಎಂದು ಘೋಷಿಸಿದ. ಗಂಡ ಎದೆಯುಬ್ಬಿಸಿ ನಿಂತ.

ಗ್ರಂಥಪಾಲಕಿ ಕನ್ನಡಕ ಏರಿಸಿ ಮೇಲಿನದನ್ನು ಗಟ್ಟಿಯಾಗಿ ಓದಿದಳು:

'ಅಕ್ಕಾ, ನಮ್ಮವರ ಸಂಗತಿ ಕೇಳು. ಎದುರುಮನೆ ಅಂಚೆಯವರ ವಾಚು ನಿಂತಾಗಲೆಲ್ಲ ಇವರು ಅದನ್ನು ಮೇಜಿಗೆ ಒಮ್ಮೆ ಕುಟ್ಟುತ್ತಾರೆ, ಅದು ನಡೆಯುತ್ತದೆ. ಆಮೇಲೆ ವಾರವಿಡೀ ಇಟ್ಟುಕೊಂಡು, ಹೊಸ ಚಕ್ರ ಹಾಕಿದೆ ಅಂತ ದುಡ್ಡು ತೆಗೆದುಕೊಳ್ಳುತ್ತಾರೆ. ಮೇಲಿನ ದರ್ಜಿಯಮ್ಮ ಹೊಲಿದ ಶರ್ಟು ಮನೆಯಲ್ಲಿ ದಿಂಬಿನ ಚೀಲ. ಅವಳೆದುರು ಮಾತ್ರ, ನಿಮ್ಮ ಕೈ ಬಂಗಾರ ಅನ್ನುತ್ತಾರೆ...'

"ಎಂಥ ಸತ್ಯ, ಎಂಥ ಜೀವಂತಿಕೆ! ನಮಗೆ ಬೇಕಾದದ್ದು ಇದೇ," ಎಂದಳು ಗ್ರಂಥಪಾಲಕಿ.

ಅಂಚೆಯಣ್ಣ ನಿಧಾನವಾಗಿ ತನ್ನ ಮಣಿಕಟ್ಟು ನೋಡಿಕೊಂಡ. ದರ್ಜಿಯಮ್ಮ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಎರಡೂ ಕೈಗೆ ಸುತ್ತಿಕೊಳ್ಳತೊಡಗಿದಳು.

ಗಂಡ ಮೇಜಿನತ್ತ ಹಾರಿ, ಬಿಚ್ಚಿದ ಕಟ್ಟನ್ನು ಬಾಚಿ ತಂದು ಗ್ರಂಥಪಾಲಕಿಯ ಮುಂದೆ ಹಿಡಿದ.

"ಅಮ್ಮಾ, ದಯವಿಟ್ಟು ಇವನ್ನ ತಗೊಂಡು ಹೋಗಿ! ಅವನು ಇದ್ದಾನೆ, ನಿಜವಾಗ್ಲೂ ಇದ್ದಾನೆ! ಆ ಅಗಲ ಭುಜ ನಾನೇ ಕಣ್ಣಾರೆ ನೋಡಿದೀನಿ!"